ಐದು ವೋಲ್ಟಿನ ಇರವು

12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಸ್ವಿಚಿಂಗ್ ರೆಗ್ಯುಲೇಟರಿನಲ್ಲಿ 5 ವೋಲ್ಟನ್ನು ತಯಾರಿಸುವ ಭಾಗ ಇದು ಎಂದು ಯಾವುದನ್ನೂ ಬೊಟ್ಟುಮಾಡಿ ತೋರಿಸಲು ಬರುವುದಿಲ್ಲ. ಅಲ್ಲಿರುವುದು ಒಂದು ಸ್ವಿಚ್. ಅದು ಆನ್ ಆಗಿದ್ದಾಗ ಅದರ ಆಚೆ ತುದಿಯಲ್ಲಿ 12 ವೋಲ್ಟ್. ಆಫ್ ಆಗಿದ್ದಾಗ ಹೆಚ್ಚುಕಡಿಮೆ ಸೊನ್ನೆ. ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಆ ತುದಿ 5 ಅನ್ನು ಹಾದುಹೋಗುತ್ತದೆಯೇ ಹೊರತು ಅಲ್ಲಿ ನಿಲ್ಲುವುದಿಲ್ಲ. ಆನ್-ಆಫ್‌ನ ಈ ಆವರ್ತ ಸೆಕೆಂಡಿಗೆ ಐದು ಲಕ್ಷ ಸಲ ನಡೆಯುತ್ತಿರುತ್ತದೆ. ಆದರೂ ಮುಂದಿನ ಕಾಯಿಲನ್ನೂ ಕೆಪಾಸಿಟರನ್ನೂ ದಾಟಿದ ಜಾಗದಲ್ಲಿ ಕದಲದ 5 ವೋಲ್ಟ್ ಸಿಗುತ್ತದೆ. ಕಾರಿನೊಳಗಿನ ಯುಎಸ್‌ಬಿ ಚಾರ್ಜರ್, ಮನೆಯ ರೂಟರ್, ಆಸ್ಪತ್ರೆಯ ಮಾನಿಟರ್ ಎಲ್ಲವೂ ಇಂಥ ವೋಲ್ಟೇಜನ್ನು ನಂಬಿಯೇ ನಡೆಯುತ್ತವೆ.

ಎಡೆಬಿಡದೆ ಬದಲಾಗುವುದರಿಂದ ಬದಲಾಗದ್ದು ಹುಟ್ಟಬಲ್ಲುದೆ? ಹುಟ್ಟಿದರೆ ಅದು ನಿಜವಾಗಿ ಇರುವಂಥದ್ದೋ, ಅಳೆಯುವವರು ಮಾಡಿಕೊಂಡ ಲೆಕ್ಕವೋ? ಬೌದ್ಧ, ನ್ಯಾಯ-ವೈಶೇಷಿಕ ಮತ್ತು ಜೈನ ಚಿಂತಕರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚರ್ಚಿಸಿದ ಪ್ರಶ್ನೆಯಿದು. ಅವರಿಗೆ ಸರ್ಕಿಟ್ಟುಗಳು ಗೊತ್ತಿರಲಿಲ್ಲ; ಗೊತ್ತಿತ್ತೆಂದು ಹೇಳುವುದು ಅವರ ಚಿಂತನೆಗೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಆದರೆ ಅವರು ಹರಿತಗೊಳಿಸಿಟ್ಟ ಭೇದಗಳಿಂದ ಈ ಸರ್ಕಿಟ್ಟನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಬಹುದು. ರೆಗ್ಯುಲೇಟರನ್ನು ಆರಿಸುವ ಎಂಜಿನಿಯರ್ ತಿಳಿದೋ ತಿಳಿಯದೆಯೋ ಈ ಪ್ರಶ್ನೆಗೆ ಪ್ರತಿಸಲವೂ ಒಂದು ಉತ್ತರ ಕೊಡುತ್ತಾನೆ: ಸ್ಥಿರತೆ ಯಾರಿಗೆ ಬೇಕು, ಎಷ್ಟು ಬೇಕು, ಅದರ ಬೆಲೆಯನ್ನು ಯಾರು ತೆರಬೇಕು.

ನಡುವಿನ ವೋಲ್ಟೇಜನ್ನು ಪಡೆಯಲು ಇನ್ನೊಂದು ನೇರ ದಾರಿಯೂ ಇದೆ. 7805ರಂಥ ಲೀನಿಯರ್ ರೆಗ್ಯುಲೇಟರ್ ಹೆಚ್ಚುವರಿ 7 ವೋಲ್ಟನ್ನು ತನ್ನ ಮೇಲೆಯೇ ಹೊತ್ತುಕೊಂಡು ಶಾಖವಾಗಿ ಕಳೆಯುತ್ತದೆ. 1 ಆಂಪಿಯರ್ ಹರಿದರೆ ಲೋಡಿಗೆ 5 ವಾಟ್, ಹೀಟ್‌ಸಿಂಕಿಗೆ 7 ವಾಟ್. ದಕ್ಷತೆ ಶೇಕಡ 42ರ ಆಸುಪಾಸು. ಅಲ್ಲಿ ಮಧ್ಯಸ್ಥಿತಿ ಪ್ರತಿಕ್ಷಣವೂ ಇರುತ್ತದೆ, ಉರಿಯುತ್ತಲೂ ಇರುತ್ತದೆ. ಸ್ವಿಚ್ಚಿನ ದಾರಿ ಬೇರೆ. ಪೂರ್ತಿ ಆನ್ ಆದ ಸ್ವಿಚ್ಚಿನಲ್ಲಿ ಕರೆಂಟ್ ಇರುತ್ತದೆ, ಅದರ ಮೇಲೆ ವೋಲ್ಟೇಜ್ ಇರುವುದಿಲ್ಲ; ಪೂರ್ತಿ ಆಫ್ ಆದಾಗ ವೋಲ್ಟೇಜ್ ಇರುತ್ತದೆ, ಕರೆಂಟ್ ಇರುವುದಿಲ್ಲ. ಎರಡರ ಗುಣಲಬ್ಧವೇ ಶಾಖ. ಎರಡು ಸ್ಥಿತಿಯಲ್ಲೂ ಒಂದು ಅಂಶ ಸೊನ್ನೆಗೆ ಹತ್ತಿರವಾದ್ದರಿಂದ ಆದರ್ಶ ಸ್ವಿಚ್ ಏನನ್ನೂ ಸುಡುವುದಿಲ್ಲ. ಶೇಕಡ 90ರ ಆಸುಪಾಸಿನ ದಕ್ಷತೆ ಸಾಧ್ಯವಾಗುವುದು ಇದರಿಂದಲೇ. ಮಧ್ಯದಲ್ಲಿ ನಿಲ್ಲದಿರುವುದೇ ಮಧ್ಯವನ್ನು ಅಗ್ಗವಾಗಿ ಪಡೆಯುವ ಉಪಾಯ.

ಮೊದಲ ಸಂದೇಹ ಇಲ್ಲೇ ಏಳುತ್ತದೆ. 12ರ ಮಟ್ಟದಲ್ಲಿ ಆವರ್ತದ ಶೇಕಡ 41.7 ಭಾಗ, ಸೊನ್ನೆಯಲ್ಲಿ ಉಳಿದ ಭಾಗ ಇದ್ದರೆ ಸರಾಸರಿ 5 ಬರುತ್ತದೆ. ಡ್ಯೂಟಿ ಸೈಕಲ್ ಎಂಬ ಈ ಪಾಲು ಔಟ್‌ಪುಟ್ಟನ್ನು ಇನ್‌ಪುಟ್ಟಿನಿಂದ ಭಾಗಿಸಿದಷ್ಟೇ. ಆದರೆ ಸರಾಸರಿ ಎನ್ನುವುದು ಕಾಗದದ ಮೇಲಿನ ಸಂಖ್ಯೆಯಲ್ಲವೆ? ಊರಿನ ಸರಾಸರಿ ಕುಟುಂಬದಲ್ಲಿ ಎರಡೂಕಾಲು ಮಕ್ಕಳಿದ್ದಾರೆಂದು ಲೆಕ್ಕ ಹೇಳಬಹುದು. ಆ ಕಾಲು ಮಗುವಿಗೆ ಯಾರೂ ಊಟ ಬಡಿಸಿಲ್ಲ.

ಸ್ವಿಚ್ಚಿನ ಆಚೆ ತುದಿಗೆ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಹಾಕಿ ಹಿಡಿದರೆ ಅದು ಹೆಚ್ಚುಕಡಿಮೆ 5 ಎಂದೇ ತೋರಿಸುತ್ತದೆ, ಏಕೆಂದರೆ ಮೀಟರ್ ಕೂಡ ನಿಧಾನಿ. ಸಾವಿರಾರು ಆವರ್ತಗಳನ್ನು ಒಟ್ಟುಗೂಡಿಸಿ ಒಂದು ಅಂಕಿ ಹೇಳುತ್ತದೆ. ಕಾಯಿಲನ್ನು ದಾಟಿದ ಮೇಲೆ ಹಿಡಿದರೂ 5. ಅಳತೆಗೆ ಎರಡೂ ಒಂದೇ. ಆದರೆ 5 ವೋಲ್ಟಿನ ಮೈಕ್ರೋಕಂಟ್ರೋಲರನ್ನು ಸ್ವಿಚ್ಚಿನ ತುದಿಗೆ ಜೋಡಿಸಿದರೆ ಅದು ಕೆಡುತ್ತದೆ; ಕಾಯಿಲಿನ ಆಚೆ ಜೋಡಿಸಿದರೆ ವರ್ಷಗಟ್ಟಲೆ ನಡೆಯುತ್ತದೆ. ಮೊದಲನೆಯದು ಲೆಕ್ಕದ 5, ಎರಡನೆಯದು ಕಟ್ಟಿದ 5.

ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಇರುವಿಕೆಗೆ ಕೊಟ್ಟ ಒರೆಗಲ್ಲು ಇಲ್ಲಿ ತುಂಬ ಪ್ರಯೋಜನಕ್ಕೆ ಬರುತ್ತದೆ. ಯಾವುದು ಕಾರ್ಯವನ್ನು ಸಾಧಿಸಬಲ್ಲುದೋ ಅದೇ ಪರಮಾರ್ಥವಾಗಿ ಸತ್. ಆ ಸಾಮರ್ಥ್ಯಕ್ಕೆ ಅವನು ಅರ್ಥಕ್ರಿಯೆ ಎನ್ನುತ್ತಾನೆ. ಹಲವನ್ನು ಒಟ್ಟಿಗೆ ಹಿಡಿಯಲು ಬುದ್ಧಿ ಕಟ್ಟಿಕೊಳ್ಳುವ ಸಾಮಾನ್ಯಗಳಿಗೆ ಆ ಸಾಮರ್ಥ್ಯವಿಲ್ಲ. ಅದು ಇರುವುದು ಪ್ರತ್ಯೇಕವಾದ, ಆ ಕ್ಷಣದ ಸ್ವಲಕ್ಷಣಕ್ಕೆ ಮಾತ್ರ. ಸ್ವಿಚ್ಚಿನ ತುದಿಯ 5 ಅವನ ಮಾತಿನಲ್ಲಿ ಬುದ್ಧಿಯ ಕಲ್ಪನೆ: ಅಲ್ಲಿ ಕೆಲಸ ಮಾಡುವುದು 12 ಮತ್ತು ಸೊನ್ನೆ, ಚಿಪ್ಪನ್ನು ಕೆಡಿಸುವುದೂ ಆ 12ರ ಕ್ಷಣವೇ. ಔಟ್‌ಪುಟ್ಟಿನ 5ಕ್ಕಾದರೋ ಕ್ರಿಯಾಸಾಮರ್ಥ್ಯವಿದೆ. ಸ್ಥಿರವೆಂದು ಕಾಣುವುದೆಲ್ಲ ಭ್ರಮೆ ಎಂಬ ಸರಳ ತೀರ್ಮಾನಕ್ಕೆ ಧರ್ಮಕೀರ್ತಿಯ ಒರೆಗಲ್ಲೇ ಅಡ್ಡ ಬರುತ್ತದೆ.

ಲೆಕ್ಕದ ಸರಾಸರಿ ವಸ್ತುವಾಗಿ ಮಾರ್ಪಡುವುದು ಹೇಗೆ? ನೆನಪಿನಿಂದ. ಇಂಡಕ್ಟರ್ ಎನ್ನುವ ಆ ಕಾಯಿಲಿನಲ್ಲಿ ಕರೆಂಟ್ ಹಠಾತ್ತಾಗಿ ಬದಲಾಗಲಾರದು; ಅದರ ಕಾಂತಕ್ಷೇತ್ರದಲ್ಲಿ ಹಿಂದಿನ ಕ್ಷಣದ ಶಕ್ತಿ ಕೂತಿರುತ್ತದೆ. ಸ್ವಿಚ್ ಆನ್ ಇರುವಾಗ ಇಂಡಕ್ಟರಿನ ಮೇಲೆ 12ರಿಂದ 5 ಕಳೆದ 7 ವೋಲ್ಟ್ ಬೀಳುತ್ತದೆ, ಕರೆಂಟ್ ಏರುತ್ತದೆ. ಆಫ್ ಆದಾಗ ಕರೆಂಟ್ ನಿಲ್ಲಲು ಒಪ್ಪದೆ, ಅದಕ್ಕೆಂದೇ ಇಟ್ಟ ಡಯೋಡಿನ ಮೂಲಕ ದಾರಿ ಮಾಡಿಕೊಂಡು ಹರಿಯುತ್ತದೆ. ಈಗ ಇಂಡಕ್ಟರಿನ ಮೇಲೆ 5 ವೋಲ್ಟ್ ತಿರುಗುಮುರುಗಾಗಿ ಬಿದ್ದು ಕರೆಂಟ್ ಇಳಿಯುತ್ತದೆ. ಏರಿದಷ್ಟೇ ಇಳಿದರೆ ಆವರ್ತ ಹೊಂದಿಕೊಂಡಿತು. ವೋಲ್ಟನ್ನು ಸಮಯದಿಂದ ಗುಣಿಸಿದರೆ ಬರುವ ಎರಡು ಮೊತ್ತಗಳು ಸಮವಾಗಬೇಕೆಂಬ ಈ ನಿಯಮದಿಂದಲೇ ಡ್ಯೂಟಿ ಸೈಕಲ್ಲಿನ ಸೂತ್ರ ಹುಟ್ಟುತ್ತದೆ. ಕೆಪಾಸಿಟರ್ ಇದಕ್ಕೆ ಜೊತೆ: ಕರೆಂಟ್ ಲೋಡಿಗಿಂತ ಹೆಚ್ಚಾದಾಗ ಹೆಚ್ಚುವರಿಯನ್ನು ಇಟ್ಟುಕೊಂಡು, ಕಡಿಮೆಯಾದಾಗ ಹಿಂದಕ್ಕೆ ಕೊಡುತ್ತದೆ.

ವೈಶೇಷಿಕರ ಗುಣಗಳ ಪಟ್ಟಿಯಲ್ಲಿ ಸಂಸ್ಕಾರ ಎಂಬುದೊಂದಿದೆ. ಪ್ರಶಸ್ತಪಾದ ಅದನ್ನು ಮೂರಾಗಿ ವಿಂಗಡಿಸುತ್ತಾನೆ: ಚಲಿಸುವುದನ್ನು ಚಲಿಸುತ್ತಲೇ ಇರಿಸುವ ವೇಗ, ಬಗ್ಗಿಸಿದ ಬಿಲ್ಲನ್ನೋ ಕೊಂಬೆಯನ್ನೋ ಮೊದಲಿನ ಸ್ಥಿತಿಗೆ ತರುವ ಸ್ಥಿತಿಸ್ಥಾಪಕ, ಅನುಭವವನ್ನು ಸ್ಮೃತಿಯಾಗಿ ಉಳಿಸುವ ಭಾವನಾ. ಯಂತ್ರಶಾಸ್ತ್ರದ ಎರಡು ಸಂಗತಿಗಳನ್ನೂ ಮನಸ್ಸಿನ ಒಂದನ್ನೂ ಒಂದೇ ಹೆಸರಿನಡಿ ಕೂಡಿಸಿದ್ದು ಮೇಲ್ನೋಟಕ್ಕೆ ವಿಚಿತ್ರ. ಆದರೆ ಮೂರರಲ್ಲೂ ಸಮಾನವಾದುದು, ಕಳೆದುಹೋದ ಘಟನೆಯ ಫಲ ಈಗಿನ ಕ್ಷಣದಲ್ಲಿ ಕ್ರಿಯಾಶೀಲವಾಗಿ ಉಳಿದಿರುವುದು. ವಿದ್ಯುತ್ ಸರ್ಕಿಟ್ಟನ್ನು ಯಂತ್ರಕ್ಕೆ ಹೋಲಿಸುವ ಪಠ್ಯಪುಸ್ತಕಗಳು ಇಂಡಕ್ಟರನ್ನು ಚಲಿಸುವ ದ್ರವ್ಯರಾಶಿಗೂ ಕೆಪಾಸಿಟರನ್ನು ಸ್ಪ್ರಿಂಗಿಗೂ ಸಮೀಕರಿಸುತ್ತವೆ. ಪ್ರಶಸ್ತಪಾದನ ವರ್ಗೀಕರಣದ ಬುದ್ಧಿವಂತಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಎಷ್ಟು ನೆನಪು ಬೇಕು ಎಂಬುದು ವಿನ್ಯಾಸದ ಮೊದಲ ನಿರ್ಧಾರ. ಇನ್‌ಪುಟ್ 12 ವೋಲ್ಟ್, ಔಟ್‌ಪುಟ್ 5 ವೋಲ್ಟ್, ಲೋಡ್ 2 ಆಂಪಿಯರ್, ಆವರ್ತನ 500 ಕಿಲೋಹರ್ಟ್ಸ್ ಎಂದಿಟ್ಟುಕೊಂಡರೆ ಒಂದು ಆವರ್ತ 2 ಮೈಕ್ರೋಸೆಕೆಂಡ್. ಅದರಲ್ಲಿ ಸ್ವಿಚ್ ಆನ್ ಇರುವುದು 0.83 ಮೈಕ್ರೋಸೆಕೆಂಡ್. ಇಂಡಕ್ಟರಿನ ಕರೆಂಟಿನ ಏರಿಳಿತವನ್ನು ಲೋಡಿನ ಶೇಕಡ 30ರಷ್ಟು, ಅಂದರೆ 0.6 ಆಂಪಿಯರ್ ಇರಗೊಡುವುದು ರೂಢಿ. 7 ವೋಲ್ಟನ್ನು 0.83 ಮೈಕ್ರೋಸೆಕೆಂಡಿನಿಂದ ಗುಣಿಸಿ 0.6ರಿಂದ ಭಾಗಿಸಿದರೆ 9.7 ಮೈಕ್ರೋಹೆನ್ರಿ, ಅಂಗಡಿಯಲ್ಲಿ ಸಿಗುವುದು 10. ಕರೆಂಟಿನ ತುದಿ 2.3 ಆಂಪಿಯರ್ ಮುಟ್ಟುತ್ತದೆ. ಇಂಡಕ್ಟರಿನ ಸ್ಯಾಚುರೇಶನ್ ಮಿತಿ ಅದಕ್ಕಿಂತ ಮಾತ್ರವಲ್ಲ, ಚಿಪ್ಪಿನ ಕರೆಂಟ್ ಲಿಮಿಟ್‌ಗಿಂತಲೂ ಮೇಲಿರಬೇಕು. ಫೆರೈಟ್ ತಿರುಳು ಸ್ಯಾಚುರೇಟ್ ಆದರೆ ಇಂಡಕ್ಟನ್ಸ್ ಥಟ್ಟನೆ ಕುಸಿಯುತ್ತದೆ, ಅದರೊಡನೆ ನೆನಪೂ ಹೋಗುತ್ತದೆ. ಕಬ್ಬಿಣದ ಪುಡಿಯ ತಿರುಳು ನಿಧಾನವಾಗಿ ಸೋಲುತ್ತದೆ. ಇನ್ನು ಕೆಪಾಸಿಟರ್. ನಿಜವಾಗಿ 22 ಮೈಕ್ರೋಫ್ಯಾರಡ್ ಇದ್ದರೆ ಔಟ್‌ಪುಟ್ಟಿನ ಏರಿಳಿತ, ಅಂದರೆ ರಿಪಲ್, ಸುಮಾರು 6.6 ಮಿಲಿವೋಲ್ಟ್. ‘ನಿಜವಾಗಿ’ ಎನ್ನಬೇಕಾದ್ದು ಏಕೆಂದರೆ ಎಕ್ಸ್5ಆರ್, ಎಕ್ಸ್7ಆರ್ ಬಗೆಯ ಸೆರಾಮಿಕ್ ಕೆಪಾಸಿಟರುಗಳ ಮೇಲೆ ಡಿಸಿ ವೋಲ್ಟೇಜ್ ಬಿದ್ದಾಗ ಅವುಗಳ ಕೆಪಾಸಿಟನ್ಸ್ ಅರ್ಧಕ್ಕೂ ಇಳಿಯುವುದುಂಟು. ಮೈಮೇಲೆ ಬರೆದ ಸಂಖ್ಯೆಯನ್ನು ನಂಬಿ ಹೊರಟ ವಿನ್ಯಾಸಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಎಲೆಕ್ಟ್ರೊಲಿಟಿಕ್ ಹಾಕಿದರೆ ಅದರ ಒಳರೋಧ 50 ಮಿಲಿಓಮ್ ಇದ್ದರೂ ಸಾಕು, ಅದೊಂದರಿಂದಲೇ ಸುಮಾರು 29 ಮಿಲಿವೋಲ್ಟ್ ರಿಪಲ್ ಬರುತ್ತದೆ.

ಆ 6.6 ಮಿಲಿವೋಲ್ಟ್ ಬೌದ್ಧರ ಪರವಾದ ಸಾಕ್ಷಿ. ಇರುವುದೆಲ್ಲ ಕ್ಷಣಿಕ, ನಿರಂತರತೆ ಎನ್ನುವುದು ಒಂದನ್ನೊಂದು ಹೋಲುವ ಕ್ಷಣಗಳ ಸಂತಾನ ಎಂಬ ಕ್ಷಣಭಂಗವಾದವನ್ನು ಹನ್ನೊಂದನೆಯ ಶತಮಾನದ ರತ್ನಕೀರ್ತಿಯವರೆಗೆ ಬೌದ್ಧರು ಬೆಳೆಸಿದರು. ಆಸಿಲೋಸ್ಕೋಪಿನ ಪರದೆಯನ್ನು ಹಿಗ್ಗಿಸಿ ನೋಡಿದರೆ ಔಟ್‌ಪುಟ್ ಎಂಬ ಗೆರೆ ಗೆರೆಯಾಗಿ ಉಳಿಯುವುದಿಲ್ಲ. ಪ್ರತಿ ಆವರ್ತದ ಏರೂ ಹೊಸದು, ಇಳಿತವೂ ಹೊಸದು, ಹೊತ್ತು ತಂದ ವಿದ್ಯುದಂಶವೂ ಬೇರೆ. ನೈಯಾಯಿಕರ ಆಕ್ಷೇಪವೂ ಅಷ್ಟೇ ಬಲವಾದುದು: ಹಿಂದಿನ ಕ್ಷಣ ಪೂರ್ತಿ ನಾಶವಾದರೆ ಅದರ ಫಲವನ್ನು ಮುಂದಕ್ಕೆ ಒಯ್ಯುವುದು ಯಾರು? ಉದಯನನ ‘ಆತ್ಮತತ್ತ್ವವಿವೇಕ’ ಬೌದ್ಧರೆದುರು ನಡೆಸುವ ದೀರ್ಘ ವಾದದಲ್ಲಿ ಈ ಎಳೆಯೂ ಇದೆ. ಸರ್ಕಿಟ್ ಈ ವ್ಯಾಜ್ಯವನ್ನು ತೀರಿಸುವುದಿಲ್ಲ. ಒಂದು ಆವರ್ತದ ಕೊನೆಯ ಕರೆಂಟೇ ಮುಂದಿನದರ ಮೊದಲ ಕರೆಂಟ್ ಎಂಬುದನ್ನು ಒಂದೇ ಕರೆಂಟ್ ಉಳಿದಿದೆ ಎಂದೂ ಓದಬಹುದು, ಹಳೆಯದು ಹೊಸದಕ್ಕೆ ಕಾರಣವಾಗಿ ಅಳಿಯಿತು ಎಂದೂ ಓದಬಹುದು; ಸಮೀಕರಣ ಎರಡಕ್ಕೂ ಒಂದೇ. ಆದರೆ ಎರಡು ಪಕ್ಷಗಳೂ ಒಪ್ಪುವ ನೆಲ ಯಾವುದೆಂದು ಅದು ತೋರಿಸುತ್ತದೆ. ದಾಟಿಸುವಿಕೆ ಇಲ್ಲದೆ ಸ್ಥಿರತೆ ಇಲ್ಲ. ಇಂಡಕ್ಟರನ್ನೂ ಕೆಪಾಸಿಟರನ್ನೂ ಕಿತ್ತರೆ ಉಳಿಯುವುದು ಬರಿಯ ಜಿಗಿತ.

ಜೈನರು ಪ್ರಶ್ನೆಯ ದಿಕ್ಕನ್ನೇ ಬದಲಿಸಿದರು. ಹುಟ್ಟು, ಅಳಿವು, ಉಳಿವು ಮೂರೂ ಕೂಡಿದ್ದೇ ಸತ್ ಎಂಬುದು ‘ತತ್ತ್ವಾರ್ಥಸೂತ್ರ’ದ ನಿಲುವು, ಅದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದ ಕರ್ನಾಟಕದವನು. ಶ್ರವಣಬೆಳಗೊಳದ ಶಾಸನಗಳು ಗೌರವದಿಂದ ನೆನೆಯುವ ಸಮಂತಭದ್ರ ‘ಆಪ್ತಮೀಮಾಂಸೆ’ಯಲ್ಲಿ ಇದಕ್ಕೆ ಕೊಡುವ ದೃಷ್ಟಾಂತ ಹೀಗಿದೆ: ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನವಷ್ಟೇ ಬೇಕಿದ್ದವನು ನಿರ್ವಿಕಾರ. ಘಟನೆ ಒಂದು, ಅಳಿವು, ಹುಟ್ಟು, ಉಳಿವು ಮೂರೂ ಅದರಲ್ಲಿ ನಿಜ, ಯಾವುದು ತಟ್ಟುತ್ತದೆ ಎಂಬುದು ಯಾರಿಗೆ ಏನು ಬೇಕು ಎಂಬುದರ ಮೇಲೆ ನಿಂತಿದೆ. ಇದು ಎಲ್ಲವೂ ಅವರವರ ಭಾವಕ್ಕೆ ಎಂಬ ಸಡಿಲ ಮಾತಲ್ಲ. ಮೂವರ ಪ್ರತಿಕ್ರಿಯೆಗೂ ವಸ್ತುವಿನಲ್ಲೇ ಆಧಾರವಿದೆ.

ಒಂದೇ 5 ವೋಲ್ಟಿನ ತಂತಿಗೆ ಮೂರು ಲೋಡ್ ಜೋಡಿಸಿದರೆ ಸಮಂತಭದ್ರನ ಮಾತು ಮೇಜಿನ ಮೇಲೆಯೇ ಕಾಣುತ್ತದೆ. ಎಲ್‌ಇಡಿ ದೀಪಕ್ಕೆ 50 ಮಿಲಿವೋಲ್ಟಿನ ರಿಪಲ್ ಇದ್ದರೂ ಇಲ್ಲದಂತೆಯೇ, ಸೆಕೆಂಡಿಗೆ ಐದು ಲಕ್ಷ ಸಲದ ಕಂಪನ ಕಣ್ಣಿಗೆ ಮುಟ್ಟುವುದಿಲ್ಲ. ಶೇಕಡ 5ರಷ್ಟು ಆಚೀಚೆಯಾದರೂ ಸಹಿಸುವ ಡಿಜಿಟಲ್ ಚಿಪ್ಪಿಗೆ 4.75ರಿಂದ 5.25ರವರೆಗಿನ ಎಲ್ಲವೂ ಸ್ಥಿರವೇ. ಸೂಕ್ಷ್ಮ ಸಂಕೇತವನ್ನು ಅಂಕಿಯಾಗಿಸುವ 16 ಬಿಟ್ಟಿನ ಪರಿವರ್ತಕದ ಪಾಲಿಗೆ ಕೆಲವು ಮಿಲಿವೋಲ್ಟಿನ ರಿಪಲ್ ಕೂಡ ಅಳತೆಯೊಳಗೆ ನುಸುಳುವ ಸುಳ್ಳು: 5 ವೋಲ್ಟಿನ ವ್ಯಾಪ್ತಿಯಲ್ಲಿ ಅದರ ಒಂದು ಮೆಟ್ಟಿಲು 76 ಮೈಕ್ರೋವೋಲ್ಟ್ ಮಾತ್ರ. ಅಂಥ ಕಡೆ ಸ್ವಿಚಿಂಗ್ ರೆಗ್ಯುಲೇಟರಿನ ನಂತರ ಚಿಕ್ಕದೊಂದು ಲೀನಿಯರ್ ರೆಗ್ಯುಲೇಟರ್ ಇಟ್ಟು, ಉಳಿದ ಕಂಪನವನ್ನು ಒಂದಿಷ್ಟು ಶಾಖದ ಬೆಲೆಗೆ ತೊಳೆಯುತ್ತಾರೆ. ಆದ್ದರಿಂದ ಆಯ್ಕೆ ಆರಂಭವಾಗಬೇಕಾದ್ದು ಚಿಪ್ಪಿನ ಡೇಟಾಶೀಟಿನಿಂದಲ್ಲ, ಲೋಡಿನ ಡೇಟಾಶೀಟಿನಿಂದ. ಅತ್ಯಂತ ಕಡಿಮೆ ರಿಪಲ್ಲನ್ನೇ ಎಲ್ಲೆಡೆ ಬೆನ್ನಟ್ಟುವುದು, ಚಿನ್ನವಷ್ಟೇ ಬೇಕಾದವನಿಗಾಗಿ ಕೊಡವನ್ನು ಕಾಯುತ್ತ ಕೂರುವ ವ್ಯರ್ಥ ಶ್ರಮ.

ಕ್ಷಣದ ಉದ್ದ ಎಷ್ಟಿರಬೇಕು ಎಂಬುದೂ ಇಲ್ಲಿ ಆರಿಸಿಕೊಳ್ಳುವ ಸಂಗತಿ. ಎಲ್‌ಎಂ2576 ಎಂಬ ಹಳೆಯ ಚಿಪ್ 52 ಕಿಲೋಹರ್ಟ್ಸಿನಲ್ಲೂ ಅದರ ನಂತರದ ಎಲ್‌ಎಂ2596 ಚಿಪ್ 150ರಲ್ಲೂ ಓಡುತ್ತವೆ. ಇಂದಿನ ಅನೇಕ ಚಿಪ್ಪುಗಳು 500 ಕಿಲೋಹರ್ಟ್ಸಿನಿಂದ 2 ಮೆಗಾಹರ್ಟ್ಸ್ ದಾಟಿ ಹೋಗುತ್ತವೆ. ಕ್ಷಣ ಚಿಕ್ಕದಾದಷ್ಟೂ ಹೊರಬೇಕಾದ ನೆನಪು ಚಿಕ್ಕದು: ಮೇಲಿನ ಉದಾಹರಣೆಯನ್ನು 50 ಕಿಲೋಹರ್ಟ್ಸಿಗೆ ಇಳಿಸಿದರೆ 10ರ ಬದಲು 100 ಮೈಕ್ರೋಹೆನ್ರಿಯ ದೊಡ್ಡ ಕಾಯಿಲ್ ಬೇಕು. ಆದರೆ ಪ್ರತಿ ಜಿಗಿತದಲ್ಲೂ ಸ್ವಿಚ್ ಮಧ್ಯಸ್ಥಿತಿಯನ್ನು ಹಾಯುವಾಗ ವೋಲ್ಟೇಜೂ ಕರೆಂಟೂ ಒಟ್ಟಿಗಿದ್ದು ಒಂದು ಚಿಟಿಕೆ ಶಕ್ತಿ ಸುಡುತ್ತದೆ. ಜಿಗಿತ ಹೆಚ್ಚಾದಂತೆ ಆ ನಷ್ಟವೂ ಹೆಚ್ಚು. ಇನ್ನೊಂದು ಮಿತಿ ಸ್ವಿಚ್ಚಿನದೇ: 12ರಿಂದ 1 ವೋಲ್ಟ್ ಬೇಕಿದ್ದು 2.1 ಮೆಗಾಹರ್ಟ್ಸಿನಲ್ಲಿ ಓಡಿಸಿದರೆ ಆನ್ ಸಮಯ ಬರೀ 40 ನ್ಯಾನೋಸೆಕೆಂಡ್; ಬಹಳಷ್ಟು ಚಿಪ್ಪುಗಳಿಗೆ ಅಷ್ಟು ಚುಟುಕಾಗಿ ಆನ್ ಆಗಿ ಆಫ್ ಆಗಲು ಬರುವುದಿಲ್ಲ. ಕಾರುಗಳಲ್ಲಿ 2.1 ಮೆಗಾಹರ್ಟ್ಸ್ ಜನಪ್ರಿಯವಾಗಲು ಕಾರಣವೇ ಬೇರೆ. ಎಎಂ ರೇಡಿಯೋದ ಪಟ್ಟಿ ಸುಮಾರು 530ರಿಂದ 1700 ಕಿಲೋಹರ್ಟ್ಸ್. ಅದರೊಳಗೆ ಸ್ವಿಚ್ಚಿನ ಸದ್ದು ಬಿದ್ದರೆ ಹಾಡಿನ ಹಿಂದೆ ಶಿಳ್ಳೆ ಕೇಳುತ್ತದೆ.

ಡಯೋಡಿನ ಪ್ರಶ್ನೆ ಚಿಕ್ಕದು. ಷಾಟ್ಕಿ ಡಯೋಡಿನ ಮೇಲೆ 0.5 ವೋಲ್ಟ್ ಬಿದ್ದರೆ 2 ಆಂಪಿಯರಿನಲ್ಲಿ ಸುಮಾರು 0.58 ವಾಟ್ ನಷ್ಟ. ಅದರ ಜಾಗದಲ್ಲಿ 20 ಮಿಲಿಓಮಿನ ಮಾಸ್‌ಫೆಟ್ ಇಟ್ಟು ಸಮಯಕ್ಕೆ ಸರಿಯಾಗಿ ಆನ್ ಮಾಡಿದರೆ 0.05 ವಾಟಿಗೂ ಕಡಿಮೆ. ಇದೂ ಮೊದಲ ಸ್ವಿಚ್ಚೂ ಒಮ್ಮೆಗೇ ಆನ್ ಆಗದಂತೆ ನಡುವೆ ಸ್ವಲ್ಪ ವಿರಾಮ ಬೇಕು, ಅಷ್ಟೇ. ಇಂದು ಹೊಸ ವಿನ್ಯಾಸಕ್ಕೆ ಈ ಸಿಂಕ್ರೊನಸ್ ಬಗೆಯನ್ನೇ ಹಿಡಿಯುವುದು ಸರಿ.

ಸರಾಸರಿಯನ್ನು ಕಟ್ಟಿದರೆ ಸಾಲದು, ಅದನ್ನು ಕಾಯಬೇಕು. ಬ್ಯಾಟರಿ ಇಳಿದರೂ ಲೋಡ್ ಏರಿದರೂ 5 ಉಳಿಯಬೇಕಾದರೆ ಔಟ್‌ಪುಟ್ಟನ್ನು ಯಾವುದೋ ಮಾನದಂಡದೊಡನೆ ಹೋಲಿಸುತ್ತಿರಬೇಕು. ಆಗ ಬೌದ್ಧ ಚಿಂತಕ ನಾಗಾರ್ಜುನ ‘ವಿಗ್ರಹವ್ಯಾವರ್ತನಿ’ಯಲ್ಲಿ ನೈಯಾಯಿಕರಿಗೆ ಹಾಕಿದ ಪ್ರಶ್ನೆ ಎದುರಾಗುತ್ತದೆ: ಪ್ರಮಾಣಗಳಿಂದ, ಅಂದರೆ ಅರಿವಿನ ಸಾಧನಗಳಿಂದ, ವಸ್ತುಗಳು ಸಿದ್ಧವಾಗುವುದಾದರೆ ಪ್ರಮಾಣಗಳು ಯಾವುದರಿಂದ ಸಿದ್ಧ? ಇನ್ನೊಂದು ಪ್ರಮಾಣದಿಂದ ಎಂದರೆ ಕೊನೆಯಿಲ್ಲ. ನ್ಯಾಯಸೂತ್ರಗಳಲ್ಲಿ ತಕ್ಕಡಿಯ ದೃಷ್ಟಾಂತ ಬರುತ್ತದೆ: ತೂಗುವ ತಕ್ಕಡಿಯನ್ನೂ ಬೇಕಾದಾಗ ಪರೀಕ್ಷಿಸಬಹುದು, ಅಳೆಯುವುದು ಅಳೆಯಲ್ಪಡುವುದೂ ಆಗಬಹುದು. ರೆಗ್ಯುಲೇಟರಿನೊಳಗಿನ ಮಾನದಂಡವಾದ ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಈ ಸಂವಾದಕ್ಕೆ ಹೊಸತೊಂದು ಸಂಗತಿಯನ್ನು ಸೇರಿಸುತ್ತದೆ. 1970ರ ಸುಮಾರಿಗೆ ರಾಬರ್ಟ್ ವಿಡ್ಲರ್ ಚಿಪ್ಪಿನೊಳಗೆ ಬಳಕೆಗೆ ತಂದ ಈ ಉಪಾಯದಲ್ಲಿ ಸ್ಥಿರವಾದ ವಸ್ತು ಎಲ್ಲೂ ಇಲ್ಲ. ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೇರೆ ಬೇರೆ ಕರೆಂಟ್ ಸಾಂದ್ರತೆಯಲ್ಲಿ ಓಡುವ ಎರಡು ಟ್ರಾನ್ಸಿಸ್ಟರುಗಳ ಆ ವೋಲ್ಟೇಜುಗಳ ವ್ಯತ್ಯಾಸ ಬಿಸಿಯೊಡನೆ ಏರುತ್ತದೆ. ಏರುವುದನ್ನು ತಕ್ಕಷ್ಟು ಹಿಗ್ಗಿಸಿ ಇಳಿಯುವುದಕ್ಕೆ ಕೂಡಿಸಿದರೆ ಬಿಸಿಗೆ ಹೆಚ್ಚುಕಡಿಮೆ ಜಗ್ಗದ 1.2 ವೋಲ್ಟ್ ಸಿಗುತ್ತದೆ. ಪ್ರಮಾಣದ ಬೆನ್ನು ಹತ್ತಿ ಹೋದರೆ ಕೊನೆಗೆ ಸಿಗುವುದು ಅಚಲವಾದ ಬಂಡೆಯಲ್ಲ, ಒಂದನ್ನೊಂದು ತಡೆಯುವ ಎರಡು ಚಲನೆಗಳು. ಇದನ್ನು ಕೊರತೆಯೆಂದು ಕಾಣಬೇಕಿಲ್ಲ. ಅಚಲವಾದದ್ದೇ ಬೇಕೆಂದು ಹಠ ಹಿಡಿದಿದ್ದರೆ ಚಿಪ್ಪಿನೊಳಗೆ ಮಾನದಂಡವೇ ಸಿಗುತ್ತಿರಲಿಲ್ಲ.

ರೆಫರೆನ್ಸ್ ನಿಖರವಾಗಿದ್ದರೂ ಹೋಲಿಕೆ ನಿಖರವಾಗಬೇಕೆಂದಿಲ್ಲ. ಉದಾಹರಣೆಗೆ, 0.8 ವೋಲ್ಟಿನ ರೆಫರೆನ್ಸಿಗೆ 5 ವೋಲ್ಟನ್ನು ಹೋಲಿಸಲು ಎರಡು ರೆಸಿಸ್ಟರುಗಳಿಂದ ಭಾಗಿಸಬೇಕು. ಅವು ಶೇಕಡ 1ರ ಟಾಲರೆನ್ಸಿನವಾದರೆ ಅವುಗಳಿಂದಲೇ ಶೇಕಡ 1.7ರವರೆಗೆ ತಪ್ಪು ಬರಬಹುದು, ರೆಫರೆನ್ಸಿನ ತಪ್ಪಿಗಿಂತ ಹೆಚ್ಚು. ಹೋಲಿಕೆಗೆ ಹಿಡಿಯುವ ಸಮಯದ ಪ್ರಶ್ನೆಯೂ ಇದೆ. ಲೋಡ್ 0.2ರಿಂದ 2 ಆಂಪಿಯರಿಗೆ ಒಮ್ಮೆಲೇ ಜಿಗಿದರೆ, ಹೋಲಿಸಿ ಸ್ವಿಚ್ಚನ್ನು ತಿದ್ದುವ ಫೀಡ್‌ಬ್ಯಾಕ್ ಎಚ್ಚೆತ್ತುಕೊಳ್ಳುವ ತನಕ ಕೆಪಾಸಿಟರ್ ಒಂದೇ ಭಾರ ಹೊರಬೇಕು. ಈ ಫೀಡ್‌ಬ್ಯಾಕ್ ಲೂಪ್ 50 ಕಿಲೋಹರ್ಟ್ಸಿನವರೆಗೆ ಚುರುಕಾಗಿದ್ದರೂ 22 ಮೈಕ್ರೋಫ್ಯಾರಡಿನ ಮೇಲೆ ವೋಲ್ಟೇಜ್ ಸುಮಾರು 0.26 ವೋಲ್ಟ್ ಕುಸಿಯುತ್ತದೆ. ಶೇಕಡ 5ರ ಮಿತಿ ದಾಟಿತು. ರಿಪಲ್ಲಿನ ಲೆಕ್ಕಕ್ಕೆ ಧಾರಾಳವಾಗಿ ಸಾಕಾದ ಕೆಪಾಸಿಟರ್ ಈ ಲೆಕ್ಕಕ್ಕೆ ಸಾಲದು. 60-70 ಮೈಕ್ರೋಫ್ಯಾರಡ್ ಹಾಕಿ, ಲೂಪನ್ನು ಅದಕ್ಕೆ ತಕ್ಕಂತೆ ಮತ್ತೆ ಹೊಂದಿಸಿಕೊಳ್ಳಬೇಕು.

ಕ್ಯಾಲ್‌ಟೆಕ್‌ನ ಮಿಡ್ಲ್‌ಬ್ರೂಕ್ ಮತ್ತು ಚೂಕ್ 1976ರಲ್ಲಿ ಈ ಬಗೆಯ ಪರಿವರ್ತಕಗಳ ಚಲನೆಯನ್ನು ಆವರ್ತದ ಮೇಲೆ ಸರಾಸರಿ ಮಾಡಿ ಒಂದೇ ನಿರಂತರ ಮಾದರಿಯಾಗಿ ಬರೆಯುವ ಕ್ರಮವನ್ನು ಮಂಡಿಸಿದರು. ಲೂಪಿನ ವಿನ್ಯಾಸ ಇಂದಿಗೂ ಆ ದಾರಿಯಲ್ಲೇ ನಡೆಯುತ್ತದೆ. ಇಂಡಕ್ಟರ್-ಕೆಪಾಸಿಟರ್ ಜೋಡಿಯ ಸ್ವಂತ ಆವರ್ತನ ಸ್ವಿಚ್ಚಿನದಕ್ಕಿಂತ ಬಹಳ ಕೆಳಗಿದ್ದರೆ ಈ ಸರಾಸರಿ ಸಾಧು. ಮೇಲಿನ ಉದಾಹರಣೆಯಲ್ಲಿ ಅದು 22 ಮೈಕ್ರೋಫ್ಯಾರಡಿಗೆ ಸುಮಾರು 10.7 ಕಿಲೋಹರ್ಟ್ಸ್, 500ಕ್ಕಿಂತ ಎಷ್ಟೋ ದೂರ. ಆದರೆ ಸರಾಸರಿಗೆ ಕಾಣದ ಕಾಯಿಲೆಯೊಂದಿದೆ. ಕರೆಂಟಿನ ತುದಿಯನ್ನು ನೋಡಿ ಸ್ವಿಚ್ಚನ್ನು ಆಫ್ ಮಾಡುವ ಬಗೆಯ ಚಿಪ್ಪಿನಲ್ಲಿ ಡ್ಯೂಟಿ ಸೈಕಲ್ ಶೇಕಡ 50 ದಾಟಿದರೆ ಒಂದು ಆವರ್ತ ಉದ್ದ, ಮುಂದಿನದು ಗಿಡ್ಡ, ಮತ್ತೆ ಉದ್ದ ಎಂದು ತೊನೆಯಲು ಶುರುವಾಗುತ್ತದೆ. 12 ವೋಲ್ಟಿನಲ್ಲಿ ಕಾಣದ ಇದು ಬ್ಯಾಟರಿ 9 ವೋಲ್ಟಿಗೆ ಇಳಿದು ಡ್ಯೂಟಿ ಸೈಕಲ್ ಶೇಕಡ 56 ಆದಾಗ ಕಾಣಿಸಿಕೊಳ್ಳುತ್ತದೆ. ಮೀಟರ್ ಆಗಲೂ 5 ಎಂದೇ ಹೇಳುತ್ತದೆ, ಒಳಗೆ ಇಂಡಕ್ಟರ್ ಮಾತ್ರ ಹೆಚ್ಚಿನ ಏಟು ತಿನ್ನುತ್ತಿರುತ್ತದೆ. ಮದ್ದು ಗೊತ್ತಿರುವಂಥದ್ದೇ, ಹೋಲಿಕೆಯ ಸಂಕೇತಕ್ಕೆ ಒಂದು ಇಳಿಜಾರನ್ನು ಕೂಡಿಸಿದರೆ ತೊನೆತ ಅಡಗುತ್ತದೆ, ಅನೇಕ ಚಿಪ್ಪುಗಳಲ್ಲಿ ಅದು ಒಳಗೇ ಇರುತ್ತದೆ. ತತ್ತ್ವದ ಮಟ್ಟಿಗೆ ಇದು ಕ್ಷಣಭಂಗವಾದಿಗಳಿಗೆ ಸಲ್ಲಬೇಕಾದ ಅಂಕ. ಸಂತಾನವನ್ನು ಒಂದೇ ವಸ್ತುವೆಂದು ಬಗೆದು ಬಿಡಿ ಕ್ಷಣಗಳನ್ನು ನೋಡುವುದನ್ನು ಬಿಟ್ಟವರಿಗೆ ಈ ರೋಗ ತಿಳಿಯುವುದಿಲ್ಲ.

ಲೋಡ್ ಬಹಳ ಕಡಿಮೆಯಾದಾಗ ಬೇರೆಯದೇ ಆಯ್ಕೆ ಬರುತ್ತದೆ. ಏರಿಳಿತದ ಅರ್ಧಕ್ಕಿಂತ, ಇಲ್ಲಿ 0.3 ಆಂಪಿಯರಿಗಿಂತ, ಕೆಳಗಿಳಿದರೆ ಡಯೋಡಿರುವ ಸರ್ಕಿಟ್ಟಿನಲ್ಲಿ ಇಂಡಕ್ಟರಿನ ಕರೆಂಟ್ ಪ್ರತಿ ಆವರ್ತದಲ್ಲೂ ಸೊನ್ನೆ ಮುಟ್ಟುತ್ತದೆ. ಆಗ ಇಂಡಕ್ಟರಿನ ನೆನಪು ಆವರ್ತದಿಂದ ಆವರ್ತಕ್ಕೆ ದಾಟುವುದಿಲ್ಲ. ಔಟ್‌ಪುಟ್ ಡ್ಯೂಟಿ ಸೈಕಲ್ಲನ್ನಷ್ಟೇ ಅಲ್ಲ, ಲೋಡನ್ನೂ ಅವಲಂಬಿಸುತ್ತದೆ. ದಿನದ ಬಹುಪಾಲು ನಿದ್ದೆಯಲ್ಲಿರುವ ಸೆನ್ಸರಿನಂಥ ಉಪಕರಣಕ್ಕೆ ಪ್ರತಿ ಆವರ್ತವನ್ನೂ ಓಡಿಸುವುದು ದಂಡ. ಚಿಪ್ ಹಲವು ಆವರ್ತಗಳನ್ನು ಬಿಟ್ಟು, ವೋಲ್ಟೇಜ್ ಒಂದಿಷ್ಟು ಕುಸಿದ ಮೇಲೆ ಮಾತ್ರ ಎದ್ದು ಒಂದೆರಡು ಜಿಗಿತ ಹಾಕಿ ಮಲಗುತ್ತದೆ. ರಿಪಲ್ ಹೆಚ್ಚುತ್ತದೆ, ಬ್ಯಾಟರಿ ಉಳಿಯುತ್ತದೆ. ಆ ಎದ್ದು ಮಲಗುವ ಲಯ ಕಿವಿಗೆ ಕೇಳುವ ಆವರ್ತನಕ್ಕೆ ಇಳಿದರೆ ಸೆರಾಮಿಕ್ ಕೆಪಾಸಿಟರುಗಳು ಸಣ್ಣಗೆ ಹಾಡುವುದೂ ಉಂಟು.

ಸ್ಥಿರತೆಯ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಇನ್‌ಪುಟ್ಟಿನ ಕಡೆ ಇದೆ. ಧರ್ಮಚಿಂತನೆಯ ದೃಷ್ಟಿಯಿಂದ ಇಡೀ ವಿಷಯದಲ್ಲಿ ಹೆಚ್ಚು ಭಾರವಾದ ಭಾಗವೂ ಇದೇ. ಔಟ್‌ಪುಟ್ ಶಾಂತವಾಗಿರುವಾಗ ಇನ್‌ಪುಟ್ಟಿನಿಂದ ಕರೆಂಟ್ ತುಂಡುತುಂಡಾಗಿ ಎಳೆಯಲ್ಪಡುತ್ತಿರುತ್ತದೆ: ಒಂದು ಕ್ಷಣ 2 ಆಂಪಿಯರ್, ಮರುಕ್ಷಣ ಏನೂ ಇಲ್ಲ. ಆ ಹೊಡೆತವನ್ನು ನುಂಗುವ ಇನ್‌ಪುಟ್ ಕೆಪಾಸಿಟರಿನಲ್ಲಿ ಸುಮಾರು 1 ಆಂಪಿಯರ್ ಆರ್‌ಎಂಎಸ್ ಕರೆಂಟ್ ಸದಾ ಹಿಂದೆ ಮುಂದೆ ಓಡಾಡುತ್ತದೆ. ಹೊಸಬರು ಔಟ್‌ಪುಟ್ ಕೆಪಾಸಿಟರಿನ ಮೇಲೆ ಗಮನವೆಲ್ಲ ಇಟ್ಟು ಇದನ್ನು ಚಿಪ್ಪಿನಿಂದ ದೂರ ಕೂರಿಸುತ್ತಾರೆ. ಆದರೆ ಇನ್‌ಪುಟ್ ಕೆಪಾಸಿಟರ್, ಸ್ವಿಚ್, ಡಯೋಡ್ ಇವು ಮೂರೂ ಸೇರಿದ ಕುಣಿಕೆಯಲ್ಲೇ ಕರೆಂಟ್ ನ್ಯಾನೋಸೆಕೆಂಡುಗಳಲ್ಲಿ ಹುಟ್ಟಿ ಸಾಯುವುದು. ಆ ಕುಣಿಕೆ ಅಗಲವಾದಷ್ಟೂ ಅದು ಆಂಟೆನಾ ಆಗಿ ಪಕ್ಕದ ಸರ್ಕಿಟ್ಟುಗಳಿಗೆ, ಪಕ್ಕದ ಮನೆಯ ರೇಡಿಯೋಗೂ ಸದ್ದು ಹರಡುತ್ತದೆ. ತನ್ನ ಲೋಡಿನ ನೆಮ್ಮದಿಗಾಗಿ ನೆರೆಯವರ ನೆಮ್ಮದಿ ಕೆಡಿಸುವ ಹಕ್ಕು ಯಾವ ಉಪಕರಣಕ್ಕೂ ಇಲ್ಲ ಎಂಬ ನೈತಿಕ ನಿಲುವನ್ನೇ ಸಿಐಎಸ್‌ಪಿಆರ್ 32ರಂಥ ಮಾನಕಗಳು ಡೆಸಿಬೆಲ್ಲುಗಳಲ್ಲಿ ಬರೆದಿಡುತ್ತವೆ. ಜೈನ ಮುನಿಗಳು ನಡೆಯುವಾಗಲೂ ವಸ್ತುವನ್ನು ಎತ್ತಿಡುವಾಗಲೂ ಪಾಲಿಸುವ ಸಮಿತಿಗಳು ಇಂಥದೇ ಎಚ್ಚರವನ್ನು ಕೇಳುತ್ತವೆ: ಕಾಣದ ಜೀವಕ್ಕೂ ತನ್ನ ಚಲನೆಯಿಂದ ನೋವಾಗಬಹುದು ಎಂಬ ಅರಿವನ್ನು.

ಸದ್ದನ್ನು ತಡೆಯಲು ಇನ್‌ಪುಟ್ಟಿಗೆ ಇನ್ನೊಂದು ಕಾಯಿಲ್ ಮತ್ತು ಕೆಪಾಸಿಟರಿನ ಫಿಲ್ಟರ್ ಹಾಕುವುದು ಸಹಜ. ಅಲ್ಲಿಯೂ ಒಂದು ಅಪಾಯ ಕಾದಿದೆ. ರೆಗ್ಯುಲೇಟರ್ ಲೋಡಿಗೆ ಕೊಡುವ ಶಕ್ತಿಯನ್ನು ಬದಲಿಸದಿರುವುದರಿಂದ, ಇನ್‌ಪುಟ್ ವೋಲ್ಟೇಜ್ ಇಳಿದರೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ, ಏರಿದರೆ ಕಡಿಮೆ. ಸಾಮಾನ್ಯ ರೆಸಿಸ್ಟರಿಗೆ ತದ್ವಿರುದ್ಧವಾದ ಈ ನಡವಳಿಕೆ 11 ವಾಟ್ ಎಳೆಯುವ ಸರ್ಕಿಟ್ಟಿನಲ್ಲಿ 12 ವೋಲ್ಟಿಗೆ ಸುಮಾರು 13 ಓಮಿನ ಋಣರೋಧಕ್ಕೆ ಸಮ. ಫಿಲ್ಟರಿನ ಸ್ವಂತ ಕಂಪನವನ್ನು ಅದು ಅಡಗಿಸುವ ಬದಲು ಪೋಷಿಸುತ್ತದೆ. ಶಾಂತಿಗಾಗಿ ಇಟ್ಟ ಫಿಲ್ಟರೇ ತೂಗಾಡತೊಡಗುತ್ತದೆ. ಫಿಲ್ಟರಿನ ಔಟ್‌ಪುಟ್ ಇಂಪೀಡೆನ್ಸ್ ಎಲ್ಲ ಆವರ್ತನಗಳಲ್ಲೂ ರೆಗ್ಯುಲೇಟರಿನ ಇನ್‌ಪುಟ್ ಇಂಪೀಡೆನ್ಸಿಗಿಂತ ಸಾಕಷ್ಟು ಕೆಳಗಿರಬೇಕೆಂಬ ನಿಯಮವನ್ನು ಮಿಡ್ಲ್‌ಬ್ರೂಕ್ 1976ರಲ್ಲೇ ಕೊಟ್ಟಿದ್ದರು. ಅದನ್ನು ಪಾಲಿಸುವ ಸುಲಭದ ದಾರಿ, ಫಿಲ್ಟರಿನ ಸೆರಾಮಿಕ್ ಕೆಪಾಸಿಟರಿಗೆ ಅದರ ನಾಲ್ಕೈದು ಪಟ್ಟಿನ ಎಲೆಕ್ಟ್ರೊಲಿಟಿಕ್ ಒಂದನ್ನು ಸಮಾನಾಂತರವಾಗಿ ಸೇರಿಸುವುದು. ಅದರ ಒಳರೋಧ ಇಲ್ಲಿ ದೋಷವಲ್ಲ, ಕಂಪನವನ್ನು ಹೀರುವುದು ಅದೇ.